ಹಳ್ಳದ ನೀರು ಯಾವ ಕಾಲಮ್ಮಿಗೆ?

ಪ್ರೊಫೆಸರ್ ಪದನಾಮಕ್ಕೆ ಅರ್ಜಿ ಹಾಕುವ ಕಾಲೇಜು ಅಧ್ಯಾಪಕರು ಮುಖ್ಯವಾಗಿ ಎರಡು ಕೋಷ್ಟಕ ತುಂಬಬೇಕು. ಎರಡೂ 2018ರ ಜುಲೈನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹೊರಡಿಸಿದ ನಿಯಮಾವಳಿಯ ಅನುಬಂಧದಲ್ಲಿವೆ. ಮೊದಲನೆಯದರಲ್ಲಿ ಪಾಠದ ಲೆಕ್ಕ. ಹಂಚಿದ ತರಗತಿ ಎಷ್ಟು, ತೆಗೆದುಕೊಂಡಿದ್ದು ಎಷ್ಟು. ಶೇ 80 ದಾಟಿದರೆ ‘ಉತ್ತಮ’, 70ರಿಂದ 80ರೊಳಗಿದ್ದರೆ ‘ತೃಪ್ತಿಕರ’, ಅದಕ್ಕಿಂತ ಇಳಿದರೆ ಆಯಿತು ಕಥೆ. ಎರಡನೆಯದರಲ್ಲಿ ಸಂಶೋಧನೆಯ ಅಂಕ. ವಿಜ್ಞಾನದವರಿಗೆ ಪ್ರಬಂಧವೊಂದಕ್ಕೆ 8, ಭಾಷೆ ಮತ್ತು ಸಮಾಜ ವಿಜ್ಞಾನದವರಿಗೆ 10. ನಮ್ಮ ಕೈಕೆಳಗೆ ಒಬ್ಬರಿಗೆ ಪಿಎಚ್‌ಡಿ ಬಂದರೆ 10, ಪುಸ್ತಕ ರಾಷ್ಟ್ರೀಯ ಮಟ್ಟದ ಪ್ರಕಾಶಕರಿಂದ ಬಂದಿದ್ದರೆ 10. ಎಲ್ಲ ಕೂಡಿ 110 ಆಗಬೇಕು, ಪ್ರಬಂಧಗಳು ಕನಿಷ್ಠ ಹತ್ತು ಇರಬೇಕು. ಅಸೋಸಿಯೇಟ್ ಪ್ರೊಫೆಸರ್‌ವರೆಗಿನ ಮೆಟ್ಟಿಲುಗಳಿಗೆ ಕಾಲೇಜಿನವರು ಈ ಅಂಕದ ಗೋಜಿಗೆ ಹೋಗಬೇಕಿಲ್ಲ. 2010ರ ನಿಯಮದಲ್ಲಿದ್ದ ಎಪಿಐ ಎಂಬ ಸಾಧನೆಯ ಅಂಕಪಟ್ಟಿಯ ಕಾಟ ಅಷ್ಟರಮಟ್ಟಿಗೆ ತಪ್ಪಿತು. ಕೊನೆಯ ಮೆಟ್ಟಿಲಿಗೆ ಮಾತ್ರ ಎರಡೂ ಬೇಕು.

ನಾನು ಸಿಂಧನೂರು ಕಡೆಯ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆ ಮೆಟ್ಟಿಲಿಗೆ ಅರ್ಜಿ ಹಾಕಿದ್ದರ ಕಥೆ ಇದು. ಅರ್ಜಿಗಿಂತ ಹೆಚ್ಚಾಗಿ, ಅರ್ಜಿಯ ಯಾವ ಮನೆಯಲ್ಲೂ ಸರಿಯಾಗಿ ಕೂರದ ಒಂದು ಕೆಲಸದ ಕಥೆ.

ನನ್ನ ಪಿಎಚ್‌ಡಿ ಷಿಫ್ ಬೇಸ್‌ಗಳ ಮೇಲೆ. ರಸಾಯನಶಾಸ್ತ್ರದವರಿಗೆ ಇಷ್ಟು ಹೇಳಿದರೆ ಉಳಿದದ್ದು ಗೊತ್ತಾಗುತ್ತದೆ: ಆಲ್ಡಿಹೈಡ್ ಒಂದು, ಅಮೀನ್ ಒಂದು, ಆಲ್ಕೊಹಾಲ್‌ನಲ್ಲಿ ರಿಫ್ಲಕ್ಸ್, ಹಳದಿ ಪುಡಿ. ಆ ಪುಡಿಗೆ ತಾಮ್ರ, ಕೋಬಾಲ್ಟ್, ನಿಕಲ್ ಸೇರಿಸಿ ಸಂಕೀರ್ಣ ಮಾಡುವುದು, ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲಿಟ್ಟು ಸುತ್ತ ಎಷ್ಟು ಮಿಲಿಮೀಟರ್ ಖಾಲಿ ಬಿತ್ತೆಂದು ಅಳೆಯುವುದು. ದೇಶದ ತುಂಬ ಇಂಥ ಪ್ರಬಂಧಗಳು ರಾಶಿ ಬಿದ್ದಿವೆ. ದುಬಾರಿ ಉಪಕರಣ ಇಲ್ಲದವರೂ ಮಾಡಬಹುದಾದ ಕೆಲಸವೆಂದೇ ಅದು ಅಷ್ಟು ಜನಪ್ರಿಯ. ಹಗಲು ಪಾಠ, ರಜೆಯಲ್ಲಿ ವಿಶ್ವವಿದ್ಯಾಲಯದ ಲ್ಯಾಬು. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆಗೆ ಸ್ಯಾಂಪಲ್ ಬೆಂಗಳೂರಿಗೆ ಕೊರಿಯರ್ ಮಾಡಿ, ಫಲಿತಾಂಶಕ್ಕೆ ಕಾಯುತ್ತ ಕೂರಬೇಕಿತ್ತು.

ಡಿಗ್ರಿ ಬಂತು, ಇನ್‌ಕ್ರಿಮೆಂಟ್ ಬಂತು, ಪ್ರಬಂಧಗಳು ಸಾಲಾಗಿ ಬಂದವು. ತರಗತಿಗೆ ಏನು ಬಂತು? ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳು ನನ್ನ ಪ್ರಬಂಧದ ಪ್ರತಿ ನೋಡಿ ಕೇಳಿದ್ದಳು: “ಮೇಡಂ, ಇದು ಮುಂದ ಗುಳಗಿ ಆಗ್ತದೇನ್ರಿ?” ಇಲ್ಲ ಎಂದೆ. “ಮತ್ತ ಏನಾಗ್ತದ್ರಿ?” ಪ್ರಬಂಧ ಆಗ್ತದೆ ಎಂದೆ. ಅವಳು ನಗಲಿಲ್ಲ, ಬರೆದುಕೊಳ್ಳಲು ಹೋದಳು.

ರಿಫ್ರೆಶರ್ ಕೋರ್ಸೊಂದರಲ್ಲಿ ಇದೇ ವಿಷಯದ ಮೇಲೆ ಒಬ್ಬರು ಉಪನ್ಯಾಸ ಕೊಟ್ಟರು. ಸಂಶೋಧನೆ ಮಾಡುವವನೇ ಒಳ್ಳೆಯ ಮೇಷ್ಟ್ರಾಗುತ್ತಾನೆ ಎಂಬ ನಂಬಿಕೆ ಬರ್ಲಿನ್‌ನಲ್ಲಿ 1810ರಲ್ಲಿ ಹುಂಬೋಲ್ಟ್ ಕಟ್ಟಿದ ವಿಶ್ವವಿದ್ಯಾಲಯದ ಕಾಲದಿಂದ ಬಂದದ್ದು ಎಂದರು. ಆಮೇಲೆ ಒಂದು ಸ್ಲೈಡು ತೋರಿಸಿದರು: ಜಾನ್ ಹ್ಯಾಟಿ ಮತ್ತು ಎಚ್. ಡಬ್ಲ್ಯೂ. ಮಾರ್ಷ್ ಎಂಬಿಬ್ಬರು 1996ರಲ್ಲಿ ಅದುವರೆಗಿನ 58 ಅಧ್ಯಯನಗಳನ್ನು ಗುಡ್ಡೆ ಹಾಕಿ ಲೆಕ್ಕ ಮಾಡಿದಾಗ, ಅಧ್ಯಾಪಕರ ಸಂಶೋಧನೆಗೂ ಪಾಠದ ಗುಣಮಟ್ಟಕ್ಕೂ ಸಿಕ್ಕ ಸಹಸಂಬಂಧ 0.06. ಅಂದರೆ ಹೆಚ್ಚುಕಡಿಮೆ ಸೊನ್ನೆ. ಸಭಾಂಗಣದಲ್ಲಿ ಎರಡು ಗುಂಪಾಯಿತು. ಪ್ರಬಂಧ ಬರೆಯದವರು ಚಪ್ಪಾಳೆ ತಟ್ಟಿದರು, ಬರೆದವರು ವಿಧಾನ ಸರಿಯಿಲ್ಲ ಎಂದರು. ಸೊನ್ನೆ ಎಂದರೆ ವಿರೋಧವೂ ಅಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಸಂಶೋಧನೆ ಮಾಡಿದರೆ ಪಾಠ ಕೆಡುತ್ತದೆ ಎಂದು ಆ ಸಂಖ್ಯೆ ಹೇಳುವುದಿಲ್ಲ, ತಾನಾಗಿಯೇ ಸುಧಾರಿಸುತ್ತದೆ ಎಂದೂ ಹೇಳುವುದಿಲ್ಲ. ಆ ಇಬ್ಬರು ಕೂಡ ಎರಡನ್ನೂ ಬೆಸೆಯುವುದಕ್ಕೆ ಬೇರೆಯೇ ಪ್ರಯತ್ನ ಬೇಕು ಎಂದಿದ್ದರು. ಊಟದ ಹೊತ್ತಾಗಿತ್ತು, ಅಲ್ಲಿಗೆ ನಿಂತಿತು.

ಇನ್ನು ಹಳ್ಳದ ನೀರಿನ ವಿಷಯ.

ಸಿಂಧನೂರು ಸೀಮೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ನೆಲ. ಅಣೆಕಟ್ಟು 1953ಕ್ಕೆ ಮುಗಿದಾಗ ಈ ಎರೆ ಭೂಮಿಗೆ ಬಹುಪಾಲು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಯೇ ಎಂದು ಲೆಕ್ಕ ಹಾಕಿದ್ದರು. ಜನ ನೆಲ್ಲು ಹಚ್ಚಿದರು. ಎರೆ ಮಣ್ಣು ನೀರು ಕುಡಿದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಕೆಳಗೆ ಬಿಡುವುದಿಲ್ಲ. ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ತಗ್ಗಿನ ಹೊಲಗಳು ಮಾರ್ಚ್ ಹೊತ್ತಿಗೆ ಬೆಳ್ಳಗೆ ಕಾಣುತ್ತವೆ. ಸವಳು ಬಿತ್ತು ಅನ್ನುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಇಂಥ ಹೊಲಗಳಿಂದಲೇ ಬರುತ್ತಾರೆ. ಕೆಲವರು ಆಂಧ್ರದಿಂದ ಬಂದು ನೆಲೆಸಿದ, ಮನೆಯಲ್ಲಿ ತೆಲುಗು ಆಡುವ ಕ್ಯಾಂಪಿನವರು, ಕೆಲವರು ಹಳೆಯ ಊರುಗಳವರು.

ನಾನು ಕಲಿಸುತ್ತಿದ್ದದ್ದು ವಿದ್ಯುತ್ ವಾಹಕತೆ, ಅಂದರೆ ಉಪ್ಪು ಕರಗಿದಷ್ಟೂ ನೀರು ವಿದ್ಯುತ್ತನ್ನು ಹೆಚ್ಚು ಹರಿಸುವ ಗುಣ. ಕೋಲ್‌ರಾಷ್ ನಿಯಮ, ಸೆಲ್ ಕಾನ್‌ಸ್ಟೆಂಟ್, ಪ್ರಾಕ್ಟಿಕಲ್‌ನಲ್ಲಿ ಎಚ್‌ಸಿಎಲ್ ಆಮ್ಲಕ್ಕೆ ಎನ್‌ಎಒಎಚ್ ಕ್ಷಾರ ಹಾಕಿ ಗ್ರಾಫ್ ಎಳೆಯುವುದು. ಪ್ರತಿ ವರ್ಷ ಅದೇ ಇಂಗ್ಲಿಷ್ ವಿ ಆಕಾರದ ಗ್ರಾಫ್. ಬರಬೇಕಾದ ಉತ್ತರ ಮೊದಲೇ ಗೊತ್ತಿರುವುದರಿಂದ ಹಿಂದಿನ ಬೆಂಚಿನವರು ಗ್ರಾಫ್ ಎಳೆದು ಆಮೇಲೆ ರೀಡಿಂಗ್ ಬರೆಯುವುದೂ ಉಂಟು. ಅಂಥ ಒಂದು ದಿನ ಒಬ್ಬ ಹುಡುಗ ಎದ್ದು ನಿಂತ. “ಮೇಡಂ, ನೀರಾಗಿನ ಉಪ್ಪು ಇದ್ರಾಗ ಗೊತ್ತಾಗ್ತದಂದ್ರ ನಮ್ಮ ಹೊಲದ ನೀರು ತರ್ಲೇನ್ರಿ? ಅಪ್ಪ ಜಿಪ್ಸಂ ಹಾಕ್ಬೇಕಂತ ಕುಂತಾನ.”

ಮರುದಿನ ಅವನು ಬಿಸ್ಲೇರಿ ಬಾಟಲಿಯಲ್ಲಿ ಹಳ್ಳದ ನೀರು ತಂದ. ಇನ್ನೊಬ್ಬಳು ಕಾಲುವೆ ನೀರು ತಂದಳು. ವಾರ ಕಳೆಯುವಷ್ಟರಲ್ಲಿ ಲ್ಯಾಬಿನ ಕಿಟಕಿ ತುಂಬ ಬಾಟಲಿಗಳು. ಕೆಲವಕ್ಕೆ ಹೆಸರಿನ ಚೀಟಿ, ಕೆಲವಕ್ಕೆ ಅದೂ ಇಲ್ಲ. ಕಾಲುವೆ ನೀರಿಗೂ ಹಳ್ಳದ ನೀರಿಗೂ ರೀಡಿಂಗ್ ಹಲವು ಪಟ್ಟು ವ್ಯತ್ಯಾಸ. ಅದನ್ನು ನೋಡಿ ಹುಡುಗರಿಗೆ ಖುಷಿ, ನನಗೆ ಅನುಮಾನ.

ಅನುಮಾನಕ್ಕೆ ಕಾರಣ ನನ್ನ ಪಿಎಚ್‌ಡಿ ಗೈಡು. ಅವರು ಯಾವ ಸ್ಪೆಕ್ಟ್ರಂ ತೋರಿಸಿದರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಬ್ಲ್ಯಾಂಕ್ ತೆಗೆದಿದ್ದೀಯಾ?” ನಾವು ಮಾಡಿದ ವಸ್ತುವಿನದು ಎಂದು ಬೀಗುವ ಗೆರೆ ದ್ರಾವಕದ್ದೇ ಇರಬಹುದು, ಅದರಲ್ಲಿ ಸೇರಿಕೊಂಡ ನೀರಿನದೂ ಇರಬಹುದು. ಏನೂ ಹಾಕದೆ ಒಮ್ಮೆ ನೋಡು, ಗೊತ್ತಿರುವುದನ್ನು ಹಾಕಿ ಒಮ್ಮೆ ನೋಡು, ಆಮೇಲೆ ಗೊತ್ತಿಲ್ಲದ್ದಕ್ಕೆ ಕೈ ಹಾಕು. ಪಿಎಚ್‌ಡಿಯಲ್ಲಿ ನಾನು ಮಾಡಿದ ಪುಡಿಗಳೆಲ್ಲ ಎಲ್ಲಿವೆಯೋ, ಆ ಪ್ರಶ್ನೆ ಮಾತ್ರ ಉಳಿದುಕೊಂಡಿದೆ.

ನಮ್ಮ ಮೀಟರ್ ಹಳೆಯದು, ತಾಪಮಾನಕ್ಕೆ ತಕ್ಕಂತೆ ತಿದ್ದಿಕೊಳ್ಳುವ ವ್ಯವಸ್ಥೆ ಅದರಲ್ಲಿ ಇಲ್ಲ. ಏಪ್ರಿಲ್ ತಿಂಗಳು, ರಾಯಚೂರು ಜಿಲ್ಲೆಯ ಬಿಸಿಲು ಹೇಳಬೇಕೆ, ಲ್ಯಾಬಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಒಂದೇ ಬಾಟಲಿ ಬೆಳಿಗ್ಗೆ ಒಂದು ತೋರಿಸಿತು, ಮಧ್ಯಾಹ್ನ ಇನ್ನೊಂದು.

“ಮೀಟರ್ ಕೆಟ್ಟೈತ್ರಿ ಮೇಡಂ.”

“ಬಾಟ್ಲಿ ಮುಚ್ಚಿರ್ಲಿಲ್ಲ, ನೀರು ಆರೈತ್ರಿ.”

ಎರಡೂ ಒಳ್ಳೆಯ ಊಹೆಗಳೇ. ಸುಳ್ಳೋ ನಿಜವೋ ಹೇಗೆ ನೋಡುವುದು ಎಂದು ಕೇಳಿ ಸುಮ್ಮನೆ ಕೂತೆ. ಪಾಠದ ಅವಧಿಯಲ್ಲಿ ಸುಮ್ಮನೆ ಕೂರುವುದು ನಮ್ಮಲ್ಲಿ ದೊಡ್ಡ ಅಪರಾಧ, ಕಾರಿಡಾರಿನಲ್ಲಿ ಪ್ರಾಂಶುಪಾಲರು ಬೇರೆ ಓಡಾಡುತ್ತಿದ್ದರು. ಕೊನೆಗೆ ಮಾತೇ ಆಡದ ಒಬ್ಬ ಹುಡುಗಿ, “ಪೊಟ್ಯಾಸಿಯಂ ಕ್ಲೋರೈಡ್ ಅದ ಅಲ್ರಿ, ಅದರ ರೀಡಿಂಗ್ ಬುಕ್ಕಿನಾಗ ಬರ್ದದ, ಅದನ್ನೇ ಎರಡು ಸಲ ಇಟ್ಟು ನೋಡೂಣ್ರಿ” ಎಂದಳು. 0.01 ಮೋಲಾರ್ ಕೆಸಿಎಲ್, 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 1413 ಮೈಕ್ರೊಸೀಮೆನ್ಸ್ ತೋರಿಸಬೇಕು. ಹೊಸದಾಗಿ ಮಾಡಿ ಬಾಯಿ ಮುಚ್ಚಿಟ್ಟರು. ಬೆಳಿಗ್ಗೆ ಹತ್ತಿರ ಹತ್ತಿರ ಅಷ್ಟೇ ತೋರಿಸಿತು. ಮಧ್ಯಾಹ್ನ ಥರ್ಮಾಮೀಟರ್ 38 ತೋರಿಸುವಾಗ ರೀಡಿಂಗ್ ಸುಮಾರು ಕಾಲು ಭಾಗ ಏರಿತ್ತು. ಬಾಟಲಿ ಮುಚ್ಚಿತ್ತು, ಮೀಟರ್ ಕೆಟ್ಟಿರಲಿಲ್ಲ. ಡಿಗ್ರಿಗೆ ಸುಮಾರು ಶೇ 2ರಂತೆ ವಾಹಕತೆ ಏರುತ್ತದೆ ಎಂದು ನಾನು ಬೋರ್ಡಿನ ಮೇಲೆ ವರ್ಷಾನುಗಟ್ಟಲೆ ಬರೆದಿದ್ದ ಸಾಲು ಅವತ್ತು ಅವರ ಕೈಯಿಂದ ಬಂತು. ಆಮೇಲೆ ಯಾರೂ ತಾಪಮಾನ ಬರೆಯದ ರೀಡಿಂಗನ್ನು ಒಪ್ಪುತ್ತಿರಲಿಲ್ಲ. ನನ್ನದನ್ನೂ.

ನೀರಿನಿಂದ ಮಣ್ಣಿಗೆ ಹೋದೆವು. ಇಲ್ಲಿ ನನ್ನ ಓದು ಸಾಲಲಿಲ್ಲ. ಸಂಜೆ ಕೂತು ಮಣ್ಣುವಿಜ್ಞಾನದ ಪುಸ್ತಕ ತಿರುವಿದೆ. ಮಣ್ಣನ್ನು ಸವಳು ಎನ್ನಲು ಮೀಟರಿಗೆ 4 ಡೆಸಿಸೀಮೆನ್ಸ್ (ಇದೂ ವಾಹಕತೆಯದೇ ಅಳತೆ) ಎಂಬ ಗಡಿ ಎಲ್ಲ ಕೈಪಿಡಿಗಳಲ್ಲೂ ಇದೆ. ನೆಲ್ಲಿನ ಇಳುವರಿ 3 ದಾಟಿದ ಕೂಡಲೇ ಇಳಿಯತೊಡಗುತ್ತದೆ, ಆಮೇಲೆ ಪ್ರತಿ ಯೂನಿಟ್ಟಿಗೆ ಶೇ 12ರಂತೆ. ಹತ್ತಿ 7.7ರವರೆಗೂ ತಡೆಯುತ್ತದೆ. ಹತ್ತಿ ತಡೆಯುವ ನೆಲದಲ್ಲಿ ನೆಲ್ಲು ಹಚ್ಚಿದ್ದೇವೆ ಎಂದು ಹುಡುಗರೇ ಲೆಕ್ಕ ಹಾಕಿ ಹೇಳಿದರು. ಆದರೆ ಈ ಅಂಕಿಗಳೆಲ್ಲ ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ ಮುದ್ದೆಯಂತೆ ಕಲಸಿ, ಅದರಿಂದ ಹಿಂಡಿ ತೆಗೆದ ರಸದ ಅಳತೆಗೆ. ನಾವು ಮಾಡುತ್ತಿದ್ದದ್ದು ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಕಲಕಿ ತೆಗೆಯುವ ಸುಲಭದ ದಾರಿ. ನೀರು ಹೆಚ್ಚಾದ್ದರಿಂದ ಅದರಲ್ಲಿ ಸಂಖ್ಯೆ ಸಹಜವಾಗಿಯೇ ಕಡಿಮೆ ಬರುತ್ತದೆ. ಒಬ್ಬ ಹುಡುಗ ತನ್ನ ಹೊಲದ ಸಂಖ್ಯೆಯನ್ನು ಕೈಪಿಡಿಯ 4ಕ್ಕೆ ಹೋಲಿಸಿ “ನಮ್ದು ಸವಳಲ್ಲ ಬಿಡ್ರಿ” ಎಂದು ಮನೆಗೆ ಫೋನು ಮಾಡಲು ಹೊರಟಿದ್ದ. ತಡೆದು ಕೂರಿಸಿಕೊಂಡು ಅವನ ಮಣ್ಣನ್ನೇ ಎರಡೂ ವಿಧಾನದಲ್ಲಿ ಮಾಡಿಸಿದೆ. ಮುದ್ದೆ ಕಲಸುವುದು ಕಷ್ಟದ ಕೆಲಸ, ಎರೆ ಮಣ್ಣು ಚಮಚಕ್ಕೆ ಅಂಟಿದರೆ ಬಿಡುವುದಿಲ್ಲ. ಎರಡು ಸಂಖ್ಯೆ ಅಕ್ಕಪಕ್ಕ ಬರೆದ ಮೇಲೆ ಅವನು ಫೋನನ್ನು ಜೇಬಿಗಿಟ್ಟ.

ಪಾಂಡಿತ್ಯ ಪಾಠಕ್ಕೆ ಎಲ್ಲಿ ಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಜಾಗವನ್ನು ತೋರಿಸುತ್ತೇನೆ. ಅಳೆಯುವುದನ್ನು ಯಾರು ಬೇಕಾದರೂ ಕಲಿಸಬಹುದು, ಯೂಟ್ಯೂಬೂ ಕಲಿಸುತ್ತದೆ. ಈ ಸಂಖ್ಯೆಯನ್ನು ಆ ಸಂಖ್ಯೆಗೆ ಹೋಲಿಸಬಾರದು ಎಂದು ತಿಳಿಯಬೇಕಾದರೆ ಆ ಗಡಿ ಯಾವ ಅಳತೆಯಿಂದ ಬಂತು ಎಂದು ಯಾರಾದರೂ ಹಿಂದೆ ಹೋಗಿ ಓದಿರಬೇಕು. ಅದನ್ನು ಓದಿದ್ದಕ್ಕೆ ಪ್ರಬಂಧವಾಗುವುದಿಲ್ಲ, ಅಂಕ ಬರುವುದಿಲ್ಲ. ಓದದಿದ್ದರೂ ಯಾರೂ ಕೇಳುವುದಿಲ್ಲ.

ಜಿಪ್ಸಂ ಪ್ರಶ್ನೆ ಹಾಗೆಯೇ ಇತ್ತು. ಹುಡುಗನ ಅಪ್ಪ ಒಂದು ದಿನ ಬೈಕಿನಲ್ಲಿ ಕಾಲೇಜಿಗೇ ಬಂದರು. “ಹಾಕ್ಲ್ಯಾ ಬ್ಯಾಡೇನ್ರಿ ಮೇಡಮ್ಮಾರ? ಅಂಗಡ್ಯಾಂವ ಹಾಕು ಅಂತಾನ.” ಉಪ್ಪು ಬರೀ ಸವಳಿನದಾದರೆ ಬಸಿಗಾಲುವೆ ಮಾಡಿ ತೊಳೆದು ಕಳಿಸಬೇಕು, ಜಿಪ್ಸಂನಿಂದ ಅದು ಹೋಗುವುದಿಲ್ಲ. ಸೋಡಿಯಂ ಮಣ್ಣಿಗೆ ಕಚ್ಚಿಕೊಂಡು ಪಿಎಚ್ 8.5 ದಾಟಿದ್ದರೆ ಆಗ ಜಿಪ್ಸಂ. ಸೋಡಿಯಂ ಅಳೆಯಲು ಫ್ಲೇಮ್ ಫೋಟೋಮೀಟರ್ ಬೇಕು, ನಮ್ಮಲ್ಲಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆ ಬಹಳ ಕಾಲದಿಂದ ಕೆಲಸ ನಡೆದಿದೆ, ಅಲ್ಲಿ ತೋರಿಸಿ ಆಮೇಲೆ ದುಡ್ಡು ಹಾಕಿ ಎಂದೆ. ಅವರಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ. ಮಗ ಮಾತ್ರ ಪಕ್ಕದಲ್ಲಿ ನಿಂತು, “ಗೊತ್ತಿಲ್ದ ಹೆಂಗ ಹೇಳ್ತಾರ ಬಿಡಪ್ಪ” ಎಂದ.

ಎರಡು ಬ್ಯಾಚಿನ ಕೆಲಸ ಸೇರಿದ ಮೇಲೆ ಬರೆದು ಕಳಿಸೋಣ ಎನಿಸಿತು. ಮೊದಲು ಕಳಿಸಿದ ಪತ್ರಿಕೆಯ ವಿಮರ್ಶಕರು ಹೊಸದೇನಿಲ್ಲ ಎಂದರು. ನಿಜ, ಈ ಸೀಮೆಯ ಸವಳಿನ ಬಗ್ಗೆ ಕೃಷಿ ವಿಜ್ಞಾನಿಗಳು ನಮಗಿಂತ ಎಷ್ಟೋ ಚೆನ್ನಾಗಿ ಬರೆದಿದ್ದಾರೆ. ಲೋಕಕ್ಕೆ ಹೊಸದಲ್ಲದ್ದು ಆ ಹುಡುಗನ ಮನೆಗೆ ಹೊಸದು, ಆದರೆ ಪತ್ರಿಕೆಗೆ ಲೋಕದ ಹೊಸದೇ ಬೇಕು. ಅದರಲ್ಲಿ ತಪ್ಪೂ ಇಲ್ಲ. 1990ರಲ್ಲಿ ಅಮೆರಿಕದ ಅರ್ನೆಸ್ಟ್ ಬಾಯರ್ ವಿದ್ವತ್ತನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಹೊಸದನ್ನು ಕಂಡುಹಿಡಿಯುವುದರ ಜೊತೆಗೆ ಕಂಡದ್ದನ್ನು ಬೆಸೆಯುವುದು, ಬಳಸುವುದು, ಕಲಿಸುವುದು ಇವೂ ವಿದ್ವತ್ತೇ ಎಂದಿದ್ದರು. ಕೇಳಲು ಚೆನ್ನಾಗಿದೆ. ಪತ್ರಿಕೆಗಳ ಬಾಗಿಲಲ್ಲಿ ಈಗಲೂ ಮೊದಲನೆಯದಕ್ಕೇ ಮಣೆ.

ಅದೇ ಹೊತ್ತಿಗೆ ಮೂರು ದಿನದಲ್ಲಿ ಪ್ರಕಟಿಸಿಕೊಡುತ್ತೇವೆ, ಇಷ್ಟು ಸಾವಿರ ಕಳಿಸಿ ಎಂಬ ವಾಟ್ಸ್ಯಾಪ್ ಸಂದೇಶಗಳು ಎಲ್ಲರಿಗೂ ಬರುವಂತೆ ನನಗೂ ಬರುತ್ತಿದ್ದವು. ಇಂಥ ಪತ್ರಿಕೆಗಳನ್ನು ಜರಡಿ ಹಿಡಿಯಲೆಂದು ಯುಜಿಸಿ ಮಾಡಿದ್ದ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಅದೇ ಕೈಬಿಟ್ಟಿತು, ಜರಡಿ ಈಗ ಕಾಲೇಜುಗಳ ಕೈಗೆ ಬಂದಿದೆ. ಕೆಲವರು ಅದರಲ್ಲಿ ತೂತು ದೊಡ್ಡದು ಮಾಡಿಕೊಂಡಿದ್ದಾರೆ, ಇರಲಿ.

ನಾನು ಬರಹವನ್ನೇ ತಿರುಗಿಸಿದೆ. ಸವಳಿನ ಕಥೆ ಹಿಂದೆ ಸರಿಸಿ, ವಾಹಕತೆಯನ್ನು ಪದವಿ ತರಗತಿಗೆ ಕಲಿಸುವ ಒಂದು ಪ್ರಯೋಗವೆಂದು ಬರೆದು, ರಸಾಯನಶಾಸ್ತ್ರ ಬೋಧನೆಯ ಪತ್ರಿಕೆಯೊಂದಕ್ಕೆ ಕಳಿಸಿದೆ. ಅವರು ಕೇಳಿದ್ದು ತಾಪಮಾನದ ದಾಖಲೆ. ಬೆಳಿಗ್ಗೆ, ಮಧ್ಯಾಹ್ನ, ಮುಚ್ಚಿದ ಬಾಟಲಿ, ತೆರೆದ ಬಾಟಲಿ, ಎಲ್ಲ ಹುಡುಗರ ನೋಟ್‌ಬುಕ್ಕಿನಲ್ಲಿತ್ತು. ಆ ಪುಟಗಳೇ ಪ್ರಬಂಧದ ಬೆನ್ನೆಲುಬಾದವು.

ಹೆಸರಿನ ಪ್ರಶ್ನೆ ಆಗ ಎದ್ದಿತು. ನಿಯಮದ ಪ್ರಕಾರ ಒಬ್ಬರೇ ಬರೆದರೆ ಪೂರ್ತಿ ಅಂಕ. ಇಬ್ಬರಾದರೆ ತಲಾ ಶೇ 70. ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕರಿಗೆ 70, ಉಳಿದವರಿಗೆ ತಲಾ 30. ಕೆಸಿಎಲ್ ಇಡೋಣ ಎಂದವಳು, ಮಣ್ಣು ಕಲಸಿದವನು, ಇಬ್ಬರ ಹೆಸರೂ ಹಾಕಿದರೆ ನನ್ನ 8 ಅಂಕ 5.6 ಆಗುತ್ತದೆ. “ಅವರಿಗೆ ಈ ಅಂಕ ಯಾತಕ್ಕೂ ಬರೋದಿಲ್ಲ, ಕೃತಜ್ಞತೆಯಲ್ಲಿ ಹಾಕಿಬಿಡ್ರಿ” ಎಂದು ಸಹೋದ್ಯೋಗಿಯೊಬ್ಬರು ಹಿತವಾಗಿಯೇ ಹೇಳಿದರು. ಅವರೇನೂ ಕೆಟ್ಟವರಲ್ಲ, ಲೆಕ್ಕ ಗೊತ್ತಿದ್ದವರು. ವಿದ್ಯಾರ್ಥಿಯನ್ನು ಜೊತೆಗೆ ಸೇರಿಸಿಕೊಂಡಷ್ಟೂ ಮೇಷ್ಟ್ರಿಗೆ ನಷ್ಟ ಎಂಬ ಲೆಕ್ಕವನ್ನು ಸ್ವತಃ ಉನ್ನತ ಶಿಕ್ಷಣದ ನಿಯಮವೇ ಹಾಕಿಕೊಟ್ಟಿರುವಾಗ ಅವರನ್ನು ಅಂದು ಏನು ಪ್ರಯೋಜನ? ಹೆಸರು ಹಾಕಿದೆ. ಮೂವರದ್ದೂ.

ಅರ್ಜಿ ತುಂಬುವಾಗ ಈ ಕೆಲಸವನ್ನು ಬೇರೆ ಎಲ್ಲಿ ಸೇರಿಸಬಹುದೆಂದು ನಾನೂ ನಮ್ಮ ಗುಣಮಟ್ಟ ಕೋಶದ ಸಂಚಾಲಕರೂ ಕೂತು ಹುಡುಕಿದೆವು. ಎರಡನೇ ಕೋಷ್ಟಕದಲ್ಲಿ ‘ಹೊಸ ಬೋಧನಾ ವಿಧಾನ’ಕ್ಕೆ 5 ಅಂಕ ಇದೆ, ನೋಡಿ ಇಬ್ಬರಿಗೂ ಖುಷಿಯಾಯಿತು. ಆದರೆ ಅದು ಬರುವುದು ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಆಧಾರಿತ ಬೋಧನೆ ಎಂಬ ತಲೆಬರಹದ ಕೆಳಗೆ. “ಇದ್ರಾಗ ಐಸಿಟಿ ಎಲ್ಲೈತ್ರಿ ಮೇಡಂ?” ಎಂದರು ಅವರು. ಬಾಟಲಿ ಇದೆ, ಮಣ್ಣಿದೆ, ಥರ್ಮಾಮೀಟರ್ ಇದೆ. ಹುಡುಗರು ರೀಡಿಂಗನ್ನು ಎಕ್ಸೆಲ್‌ಗೆ ಹಾಕಿದ್ದರು, ಅದನ್ನು ಹಿಡಿದುಕೊಳ್ಳಬಹುದಿತ್ತು. ನಾಚಿಕೆಯಾಗಿ ಬಿಟ್ಟೆವು. ಮೊದಲ ಕೋಷ್ಟಕಕ್ಕೆ ಹೋದರೆ, ಹೊಲಕ್ಕೆ ಹೋದ ದಿನಗಳಲ್ಲಿ ತರಗತಿ ತೆಗೆದುಕೊಂಡ ದಾಖಲೆ ಇಲ್ಲ, ಅಂದರೆ ಶೇಕಡಾವಾರು ಅಷ್ಟು ಇಳಿಯಿತು. ಹೆಚ್ಚು ಕಲಿಸಿದ ದಿನಗಳು ಪಾಠದ ಲೆಕ್ಕದಲ್ಲಿ ಗೈರುಹಾಜರಿ.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ತಂದಾಗ ಆಸೆಯಿಂದ ಓದಿದೆ. ಅಂಕಗಳ ಬದಲು ಒಂಬತ್ತು ಬಗೆಯ ಗಮನಾರ್ಹ ಕೊಡುಗೆಗಳ ಪಟ್ಟಿ ಇತ್ತು. ಅದರಲ್ಲಿ ಹೊಸ ಬಗೆಯ ಬೋಧನೆ, ಭಾರತೀಯ ಭಾಷೆಗಳಲ್ಲಿ ಪಾಠ, ವಿದ್ಯಾರ್ಥಿಗಳ ಪ್ರಾಜೆಕ್ಟ್ ಮಾರ್ಗದರ್ಶನ, ಸಮುದಾಯದೊಂದಿಗೆ ಕೆಲಸ ಎಲ್ಲವೂ ಇದ್ದವು. ಚರ್ಚೆಯೆಲ್ಲ ಕುಲಪತಿಗಳನ್ನು ಯಾರು ನೇಮಿಸಬೇಕು ಎಂಬುದರ ಸುತ್ತ ಹೋಯಿತು. ಅದೂ ದೊಡ್ಡ ವಿಷಯವೇ, ನಮ್ಮ ರಾಜ್ಯ ವಿರೋಧಿಸಿದ್ದೂ ಅದಕ್ಕೇ. ಆದರೆ ಸ್ಟಾಫ್ ರೂಮಿನಲ್ಲಿ ಆ ಪಟ್ಟಿಯ ಬಗ್ಗೆ ಮಾತಾಡಿದವರನ್ನು ನಾನು ಕಾಣಲಿಲ್ಲ.

ಇನ್ನೊಂದು ಮಾತು, ಇದು ನನ್ನ ಅರ್ಜಿಗೆ ಸಂಬಂಧಿಸಿದ್ದಲ್ಲ. ಆ ಎರಡು ಬ್ಯಾಚಿನ ಪ್ರಾಕ್ಟಿಕಲ್‌ನಲ್ಲಿ ನನ್ನಷ್ಟೇ ದುಡಿದವರು ನಮ್ಮ ಅತಿಥಿ ಉಪನ್ಯಾಸಕಿ. ಆಕೆ ಅಧ್ಯಾಪಕರ ಅರ್ಹತೆಯ ರಾಜ್ಯ ಪರೀಕ್ಷೆ ಕೆಸೆಟ್ ಪಾಸಾದವರು, ನನಗಿಂತ ಚೆನ್ನಾಗಿ ಟೈಟ್ರೇಶನ್ ಮಾಡಿಸುತ್ತಾರೆ. ಆಕೆಗೆ ಯಾವ ಕೋಷ್ಟಕವೂ ಇಲ್ಲ. ಕೋಷ್ಟಕದ ಬಗ್ಗೆ ಗೊಣಗುವುದಕ್ಕೂ ಒಂದು ಕಾಯಂ ನೌಕರಿ ಬೇಕು.

ನನ್ನ ಅಂಕ 110 ದಾಟಿತು. ಬಹುಪಾಲು ಷಿಫ್ ಬೇಸ್‌ಗಳ ಪುಣ್ಯ. ಹಳ್ಳದ ನೀರು ಕೊಟ್ಟದ್ದು ಅದರಲ್ಲಿ ಒಂದು ಸಣ್ಣ ಚೂರು. ಸಂದರ್ಶನ ಸಮಿತಿಯಲ್ಲಿ ಒಬ್ಬರು ಸಂಕೀರ್ಣಗಳ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಇನ್ನೊಬ್ಬರು ಹಾಳೆ ತಿರುವುತ್ತ ಈ ಪ್ರಬಂಧದ ಹತ್ತಿರ ನಿಂತು, “ಇವರಿಬ್ಬರು ಯಾರು, ನಿಮ್ಮ ಪಿಎಚ್‌ಡಿ ವಿದ್ಯಾರ್ಥಿಗಳೇ?” ಎಂದರು. ಬಿ.ಎಸ್ಸಿ. ಎಂದೆ. ಹುಬ್ಬೇರಿಸಿದರು. ಮೆಚ್ಚುಗೆಯೋ ಅನುಮಾನವೋ ತಿಳಿಯಲಿಲ್ಲ. ಕಡತ ಇನ್ನೂ ಕಚೇರಿಗಳ ನಡುವೆ ಓಡಾಡುತ್ತಿದೆ.

ಈ ವರ್ಷದ ಬ್ಯಾಚಿನವರು ಸೋಡಿಯಂ ಅಳೆಯಲೇಬೇಕು ಎಂದು ಕೂತಿದ್ದಾರೆ. ಗಂಗಾವತಿಗೆ ಬಸ್ಸಿನಲ್ಲಿ ಮಣ್ಣು ಕಳಿಸಿ ಅವರಿಗೆ ಸಾಕಾಗಿದೆ. ಫ್ಲೇಮ್ ಫೋಟೋಮೀಟರ್‌ಗೆ ಬೇಡಿಕೆ ಕೊಟ್ಟಾಗ ಖರೀದಿ ಸಮಿತಿಯವರು ಫಾರಂ ಮುಂದಿಟ್ಟರು: ಉಪಕರಣ ಬೋಧನೆಗೋ ಸಂಶೋಧನೆಗೋ, ಒಂದಕ್ಕೆ ಟಿಕ್ ಹಾಕಿ. ಎರಡಕ್ಕೂ ಹಾಕಿ ಕೊಟ್ಟಿದ್ದೇನೆ. ವಾಪಸು ಬರಬಹುದು. ಸದ್ಯಕ್ಕೆ ಮೂರು ಕೊಟೇಶನ್ ಕೇಳಿದ್ದಾರೆ, ಎರಡು ಬಂದಿವೆ.